ಉಪ್ಪು ಹಾಕಿದ ಐಸು

ರಕ್ತ ತೆಗೆದ ಹುಡುಗಿ "ಮಡಿಚಿ ಹಿಡ್ಕೋ ಅಮ್ಮಾ" ಎಂದಿದ್ದಳೇ ಹೊರತು ಯಾವಾಗ ಬಿಡಬೇಕೆಂದು ಹೇಳಿರಲಿಲ್ಲ. ಹಾಗಾಗಿ ನಿಮಿಯಾ ಮೊಣಕೈ ಮಡಿಚಿ, ಹತ್ತಿಯ ಉಂಡೆಯನ್ನು ಒತ್ತಿಕೊಂಡೇ ಕೂತಿದ್ದಳು. ಕೈ ಜೋಮು ಹಿಡಿದು ಬೆರಳುಗಳು ಬೇರೆ ಯಾರದೋ ಎನ್ನುವಂತಾಗಿದ್ದವು. ಈ ಆಸ್ಪತ್ರೆಯಲ್ಲಿ ಎಲ್ಲರಿಗೂ ಎಲ್ಲರೂ ಅಮ್ಮಾ. ಚೀಟಿ ಬರೆಯುವವಳು, ತೂಕ ನೋಡುವವಳು, ನೆಲ ಒರೆಸುವವಳು ಕೂಡ ಕಾಲೆತ್ತು ಅಮ್ಮಾ ಎನ್ನುತ್ತಿದ್ದಳು. ಮಕ್ಕಳಿಲ್ಲವೆಂದು ಬಂದು ಸಾಲಾಗಿ ಕೂತ ಹೆಂಗಸರನ್ನು ದಿನವಿಡೀ ಹಾಗೆ ಕರೆಯುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಮೊದಲ ಸಲ ಬಂದಾಗ ನಿಮಿಯಾ ಹಿಂದಿರುಗಿ ನೋಡಿದ್ದಳು, ಯಾರನ್ನು ಕರೆಯುತ್ತಿದ್ದಾರೆಂದು. ಹಿಂದೆ ಗೋಡೆ ಇತ್ತು. ಈಗ ತಿರುಗುತ್ತಿರಲಿಲ್ಲ. ಅಮ್ಮಾ ಎಂದಾಗ ತೋಳು ಚಾಚುತ್ತಿದ್ದಳು, ಲಂಗ ಸಡಿಲಿಸುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು. ಹೊರಗೆ ಅಸುನ್ಸಿಯೋನ್ ನಗರದ ಜನವರಿಯ ನಡುಬೇಸಗೆಯ ಬಿಸಿಲು ರಸ್ತೆಯ ಡಾಂಬರನ್ನು ಕರಗಿಸುತ್ತಿತ್ತು. ಒಳಗೆ ಏಸಿಯ ಗಾಳಿ ನೇರವಾಗಿ ಅವಳ ನೆತ್ತಿಗೇ ಬೀಳುತ್ತಿತ್ತು. ಜಾಗ ಬದಲಿಸಬಹುದಿತ್ತು. ಬದಲಿಸಲಿಲ್ಲ.

ಪಕ್ಕದಲ್ಲಿ ನ್ಯಾ ಫೌಸ್ತಾ ತೊಡೆಗಳ ನಡುವೆ ಥರ್ಮಾಸು ಇರುಕಿಸಿಕೊಂಡು, ತೆರೆರೆಯ ಸೊಪ್ಪು ತುಂಬಿದ ಕೊಂಬಿನ ಲೋಟಕ್ಕೆ ತಣ್ಣೀರು ಹೊಯ್ಯುತ್ತಿದ್ದಳು. ಗಂಡ ಸೆಲ್ಸೋನ ತಾಯಿ ಅವಳು. ಆದರೆ ಇಡೀ ಬೀದಿ ಗೌರವದಿಂದ ಕರೆಯುವ ಹಾಗೆ ಸೊಸೆಯೂ ಅವಳನ್ನು ನ್ಯಾ ಫೌಸ್ತಾ ಎಂದೇ ಕರೆಯುವುದು. ಒಳಗೆ ಏನೂ ಕುಡಿಯಬಾರದೆಂದು ಗೋಡೆಯ ಮೇಲೆ ಬರೆದಿತ್ತು. ತೆರೆರೆ ಕುಡಿಯಬಾರದೆಂದು ಬರೆದಿಲ್ಲವಲ್ಲ ಎಂಬುದು ನ್ಯಾ ಫೌಸ್ತಾಳ ವಾದ. ಕಾವಲುಗಾರ ಗದರಿಸಲು ಬಂದವನು ಒಂದು ಲೋಟ ಕುಡಿದು ಹೋಗಿದ್ದ. ಈಗ ಎದುರು ಕೂತ ಎಳೆಯ ಹೆಂಗಸಿನ ಸರದಿ.

"ತಗೋ ಮಗಳೇ, ಐಸು ಹಾಕಿದೀನಿ. ಎಷ್ಟು ತಿಂಗಳು ನಿಂಗೆ?"

"ತಿಂಗಳಲ್ಲ ಸೆನ್ಯೋರಾ," ಆಕೆ ಊದಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಗ್ಗಿ ಲೋಟ ತೆಗೆದುಕೊಂಡಳು. "ಇಂಜೆಕ್ಷನ್ನಿಂದು. ಮೊಟ್ಟೆ ಜಾಸ್ತಿ ಬಂದ್ಬಿಟ್ಟಿವೆ ಅಂತ ನಿಲ್ಲಿಸಿದಾರೆ. ಉಸಿರಾಡೋಕೂ ಆಗ್ತಿಲ್ಲ. ರಾತ್ರಿಯೆಲ್ಲ ಅಳ್ತೀನಿ. ಯಾಕೆ ಅಂತ ನನ್ನ ಗಂಡ ಕೇಳ್ತಾನೆ, ನಂಗೇ ಗೊತ್ತಿಲ್ಲ."

"ಕೋಳಿಗಳಿಗೆ ಹೇಳ್ಬೇಡ, ಹೊಟ್ಟೆ ಉರ್ಕೊಂಡಾವು."

ಆಕೆ ನಕ್ಕಳು, ನಗುತ್ತ ಪಕ್ಕೆ ಹಿಡಿದುಕೊಂಡಳು, ಆಮೇಲೆ ನಿಜವಾಗಿಯೂ ಅತ್ತಳು. ನ್ಯಾ ಫೌಸ್ತಾ ತನ್ನ ಕರವಸ್ತ್ರ ಕೊಟ್ಟಳು. "ಅಳು, ಅಳು. ಹಾರ್ಮೋನು ಅಂದ್ರೆ ಹಂಗೇ. ಕೆಲಸ ಮಾಡ್ತಿದೆ ಅಂತ ಅರ್ಥ. ನಮ್ಮವಳೂ ಹೋದ ಸಲ ಸಕ್ಕರೆ ಚೆಲ್ತು ಅಂತ ಅತ್ತಿದ್ಳು." ಹೇಳಿ ಸೊಸೆಯ ಕಡೆ ನೋಡಿದಳು. ಆ ನೋಟ ಮುಖಕ್ಕೆ ಬಂದದ್ದಲ್ಲ. ಹೊಟ್ಟೆಗೆ ಬಂದು, ಅಲ್ಲೇ ಸ್ವಲ್ಪ ಹೊತ್ತು ಕೂತು, ಹೋಯಿತು. "ಈ ಸಲ ಅಳ್ತಿಲ್ಲ. ಗಟ್ಟಿಯಾಗಿದಾಳೆ."

ಸಕ್ಕರೆ ಚೆಲ್ಲಿದ್ದು ನಿಜ. ಎರಡನೇ ಸಲದ ಚಿಕಿತ್ಸೆಯಲ್ಲಿ ಹಾಗಾಗಿತ್ತು. ಎದೆ ಕಲ್ಲಿನಂತಾಗಿ, ಬಟ್ಟೆ ತಾಗಿದರೆ ನೋವು; ಪಕ್ಕದ ಮನೆಯಲ್ಲಿ ಹಾಕಿದ ಹಾಡು, ಮಾವಿನ ಹಣ್ಣು ತಗಡಿನ ಮೇಲೆ ಬಿದ್ದ ಸದ್ದು, ಎಲ್ಲವೂ ಚರ್ಮದ ಒಳಗೇ ಆಗುತ್ತಿದ್ದವು. ಆಗ ಮೂರು ಅಂಡ ಸಿಕ್ಕಿತ್ತು, ಒಂದು ಭ್ರೂಣವಾಗಿ ಬೆಳೆದಿತ್ತು, ಗರ್ಭ ನಿಂತೂ ಇತ್ತು. ನಿಂತದ್ದು ಹೋಗಿದ್ದು ಅಂಗಡಿಯಲ್ಲಿ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. ಮುದುಕರೊಬ್ಬರ ಮೂಗಿನ ಮೇಲೆ ಪರೀಕ್ಷೆಯ ದಪ್ಪ ಚೌಕಟ್ಟು ಇಟ್ಟು, ಒಂದು ಗಾಜು ಹಾಕಿ ಇನ್ನೊಂದನ್ನು ಕೈಗೆತ್ತಿಕೊಂಡಿದ್ದಾಗ ಕಿಬ್ಬೊಟ್ಟೆಯಲ್ಲಿ ಏನೋ ಬಿಚ್ಚಿಕೊಂಡಂತಾಯಿತು. ಒಂದು ನಿಮಿಷ ಎಂದು ಹೇಳಿ ಹಿಂದಿನ ಬಚ್ಚಲಿಗೆ ಹೋದಳು. ತಿರುಗಿ ಬಂದಾಗ ಮುದುಕರು, ಅವಳು ಹೋಗುವಾಗ ಹೇಗಿದ್ದರೋ ಹಾಗೇ, ಗಲ್ಲ ಮೇಲೆತ್ತಿ, ಅರ್ಧ ಕಾಣುತ್ತ ಅರ್ಧ ಕಾಣದೆ ಕೂತಿದ್ದರು. ಅವಳು ಕೈ ಒರೆಸಿಕೊಂಡು ಎರಡನೆಯ ಗಾಜು ಹಾಕಿ, ಯಾವುದು ಚೆನ್ನಾಗಿ ಕಾಣ್ತಿದೆ ಅಪ್ಪಾಜಿ, ಮೊದಲಿಂದಾ ಇದಾ, ಎಂದು ಕೇಳಿದ್ದಳು. ಬರೆದುಕೊಟ್ಟ ನಂಬರು ಸರಿಯಾಗಿಯೇ ಇತ್ತು. ಆಮೇಲೆ ಒಂದು ದಿನ ಆ ಮುದುಕರು ಹೊಸ ಕನ್ನಡಕ ಹಾಕಿಕೊಂಡು ಬಂದು, ಮಗಳೇ, ಎಲೆ ಎಲೆಯೂ ಕಾಣ್ತಿದೆ, ಎಂದು ಹೇಳಿ ಹೋದರು.

ಗಾಜು ಬದಲಿಸುತ್ತ ಕೂತು ಅವಳಿಗೆ ಒಂದು ತಿಳಿದಿತ್ತು. ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಜನ ಕಂಡದ್ದನ್ನು ಹೇಳುವುದಿಲ್ಲ, ಅವಳ ಮುಖ ನೋಡಿ ಯಾವ ಉತ್ತರ ಸರಿ ಎಂದು ಹುಡುಕುತ್ತಾರೆ. ತಪ್ಪು ಹೇಳಿಬಿಟ್ಟರೆ ಎಂಬ ಹೆದರಿಕೆ. ಅವರ ಕಣ್ಣಿನ ಬಗ್ಗೆ ಅವರೇ ಹೇಳಬೇಕಲ್ಲವೇ ಎಂದು ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ಹತ್ತಿ ಒತ್ತಿಕೊಂಡು ಕೂತವಳನ್ನು ಯಾರಾದರೂ, ಇವತ್ತು ನಂಬರು ಏರಿದ್ದರೆ ಒಳ್ಳೆಯದಾ, ಏರದಿದ್ದರೆ ಒಳ್ಳೆಯದಾ, ಎಂದು ಕೇಳಿದರೆ ಅವಳೂ ಕೇಳಿದವರ ಮುಖವನ್ನೇ ನೋಡುತ್ತಿದ್ದಳು. ನಂಬರು ಎಂದರೆ ಎಸ್ಟ್ರಡಯಾಲ್. ಅಂಡ ಬಲಿಯುತ್ತಿದ್ದರೆ ರಕ್ತದಲ್ಲಿ ಅದು ದಿನದಿನಕ್ಕೆ ಏರುತ್ತದೆ. ಇಲ್ಲದಿದ್ದರೆ ಇದ್ದಲ್ಲೇ ಇರುತ್ತದೆ. ಮೂರನೇ ಸಲಕ್ಕೆ ಒಪ್ಪಿಕೊಳ್ಳುವಾಗಲೇ ಡಾಕ್ಟರ್ ಕಂತೇರೋ ಹೇಳಿಬಿಟ್ಟಿದ್ದರು: ನಿಮ್ಮಲ್ಲಿ ಉಳಿದಿರೋದೇ ಕಡಿಮೆ, ಔಷಧಿ ಹೆಚ್ಚು ಕೊಟ್ಟು ನೋಡೋಣ, ಇದಕ್ಕೂ ಏಳದಿದ್ದರೆ ನಾನೇ ಸಾಕು ಅಂತೀನಿ, ಸುಮ್ಮನೆ ಚುಚ್ಚಿಸ್ಕೊಳ್ಳೋಕೆ ನಾನು ಬಿಡಲ್ಲ. ಸೆಲ್ಸೋ ಆಗ ಮುಖ ಸಣ್ಣದು ಮಾಡಿಕೊಂಡಿದ್ದ. ಅವಳಿಗೆ ಆ ಮಾತಿನಲ್ಲಿ ಒಂದು ಬಾಗಿಲು ಕಂಡಿತ್ತು. ಅದು ಕಂಡಿತೆಂದು ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಸೆಲ್ಸೋ ಈಗ ನದಿಯ ಮೇಲೆ, ಸರಕಿನ ದೋಣಿಗಳ ಸಾಲನ್ನು ತಳ್ಳಿಕೊಂಡು ಹೋಗುವ ಹಡಗಿನಲ್ಲಿ. ಸಿಗ್ನಲ್ಲು ಸಿಕ್ಕ ಕಡೆಯಲ್ಲೆಲ್ಲ ಧ್ವನಿ ಕಳಿಸುತ್ತಾನೆ. ಎಂಜಿನ್ನಿನ ಸದ್ದಿನ ಹಿಂದಿನಿಂದ ಅವನ ಮಾತು ಬರುತ್ತದೆ: ಏನಾಯ್ತು ರಾಣಿ, ಏರ್ತಾ? ಒಳ್ಳೆಯ ಗಂಡಸು. ಅವನ ಒಳ್ಳೆಯತನದ ಬಗ್ಗೆ ಯೋಚಿಸಿದಾಗೆಲ್ಲ ಅವಳಿಗೆ ಬಟ್ಟೆ ಒಗೆದು ಹಿಂಡಿದ ಹಾಗೆ ಕೈ ಸೋಲುತ್ತಿತ್ತು. ಅವನು ಇಲ್ಲದ್ದರಿಂದ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಬರುವ ಕೆಲಸ ನ್ಯಾ ಫೌಸ್ತಾಳದು. ಡಿಸೆಂಬರಿನಲ್ಲಿ ಅವಳು ಕಾಕುಪೆಯ ಮಾತೆಯ ಇಗರ್ಜಿಗೆ ಬರಿಗಾಲಲ್ಲಿ ನಡೆದುಹೋಗಿ ಬಂದಿದ್ದಳು. ಮಗು ಆದ ಮೇಲೆ ತೀರಿಸಬೇಕಾದ ಹರಕೆ ಅದು. "ಮೊದ್ಲೇ ತೀರಿಸ್ಬಿಟ್ಟೆ," ಎಂದು ಊದಿದ ಕಾಲನ್ನು ಉಪ್ಪುನೀರಿನಲ್ಲಿ ಇಟ್ಟುಕೊಂಡು ಹೇಳಿದ್ದಳು, "ಇನ್ನು ಕೊಡ್ಬೇಕಾದವಳು ಆಕೆ. ಹೆಂಗೆ ಕೊಡಲ್ಲ ನೋಡ್ತೀನಿ."

ಚುಚ್ಚಿಕೊಳ್ಳಲು ಶುರುಮಾಡಿದ ಮಾರನೆಯ ದಿನ ಮಧ್ಯಾಹ್ನ ಬಿರುಗಾಳಿ ಬಂದು, ಬೀದಿಯ ತುದಿಯ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ಸಿಡಿಯಿತು. ಪ್ರತಿ ಬೇಸಗೆಯಲ್ಲೂ ಅದು ಸಿಡಿಯುತ್ತದೆ. ಕರೆಂಟಿಲ್ಲದ ಆ ದಿನಗಳಲ್ಲಿ ಬೀದಿಯವರೆಲ್ಲ ಕುರ್ಚಿಗಳನ್ನು ಹೊರಗೆ ಎಳೆದುಕೊಂಡು ಮಾವಿನ ಮರಗಳ ಕೆಳಗೆ ಕೂತರು. ಕೊಳೆತ ಮಾವಿನ ವಾಸನೆ, ಬೀಸಣಿಗೆಗಳ ಸದ್ದು, ಯಾರದೋ ಮಗುವಿನ ಅಳು. ಫ್ರಿಜ್ಜಿನಲ್ಲಿ ಮಾಂಸ ಕೆಡುವ ಮೊದಲು ಎಲ್ಲರೂ ಸುಟ್ಟು ತಿಂದು ಮುಗಿಸಿದರು. ಔಷಧಿಯನ್ನು ಏನು ಮಾಡುವುದು ಎಂದು ನಿಮಿಯಾ ಯೋಚಿಸುವ ಮೊದಲೇ ನ್ಯಾ ಫೌಸ್ತಾ ಮೂಲೆಯ ಅಂಗಡಿಯಿಂದ ಐಸಿನ ಚೀಲಗಳನ್ನು ಹೊತ್ತು ತಂದಿದ್ದಳು. ಮದುವೆಗೆ, ಹೊಸ ವರ್ಷಕ್ಕೆ ಬಿಯರ್ ಇಡುವ ದೊಡ್ಡ ಪೆಟ್ಟಿಗೆಯನ್ನು ತೊಳೆದು, ತಳಕ್ಕೆ ಐಸು ಸುರಿದು, ಇಂಜೆಕ್ಷನ್ ಪೆನ್ನುಗಳ ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಡುವೆ ಇಟ್ಟು, ಮೇಲೆ ಮತ್ತೆ ಐಸು ಸುರಿದು, ಬೊಗಸೆಗಟ್ಟಲೆ ಕಲ್ಲುಪ್ಪು ಎರಚಿದಳು. ಉಪ್ಪು ಬಿದ್ದ ಐಸು ಇನ್ನೂ ತಣ್ಣಗಾಗುತ್ತದೆ. ಬಿಸಿ ಬಿಯರು ಒಂದು ಹಾಡು ಮುಗಿಯುವುದರೊಳಗೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುವುದು ಹಾಗೆ. ಈ ಊರಿನಲ್ಲಿ ಹುಟ್ಟಿದ ಯಾರಿಗಾದರೂ ಅದು ಗೊತ್ತು. ನಿಮಿಯಾಗೂ ಗೊತ್ತಿತ್ತು. ಅವಳು ಬಾಗಿಲ ಬಳಿ ನಿಂತು, ಅತ್ತೆಯ ಒದ್ದೆ ಕೈಗಳು ಐಸಿನ ಮೇಲೆ ಉಪ್ಪು ಸವರುವುದನ್ನು ನೋಡುತ್ತಿದ್ದಳು. ಮಲಗಿದ ಮಗುವಿಗೆ ಹೊದಿಸಿದ ಹಾಗೆ ಸವರುತ್ತಿದ್ದಳು ಮುದುಕಿ.

ಆ ಸಂಜೆ ಪೆನ್ನು ತೆಗೆದುಕೊಂಡು ಬಚ್ಚಲಿಗೆ ಹೋಗಿ, ಕಿಟಕಿಯಲ್ಲಿ ಉಳಿದಿದ್ದ ಬೆಳಕಿಗೆ ಹಿಡಿದಾಗ ಒಳಗಿನ ಗಾಜಿನಲ್ಲಿ ಬಿಳಿಯ ಎಳೆಗಳು ಕಂಡವು. ಹಕ್ಕಿಯ ಪುಕ್ಕದಂಥವು, ಚೆಂದವಾಗಿದ್ದವು. ಓರೆ ಮಾಡಿದರೆ ಏನೂ ಅಲುಗಲಿಲ್ಲ. ಡಬ್ಬಿಯ ಮೇಲೆ ಮಂಜಿನ ಹರಳಿನ ಚಿತ್ರ ಬರೆದು ಅದರ ಮೇಲೆ ಕೆಂಪು ಗೀಟು ಎಳೆದಿದ್ದರು. ಮೊದಲ ಸಲದ ಚಿಕಿತ್ಸೆಯಲ್ಲೇ ನರ್ಸು ಬೆರಳಿಟ್ಟು ತೋರಿಸಿದ್ದಳು, ಬಿಸಿಯಾದ್ರೂ ಕಷ್ಟ ಅಮ್ಮಾ, ಹೆಪ್ಪುಗಟ್ಟಿದ್ರಂತೂ ಅದು ಬರೀ ನೀರು, ಎಸೆದುಬಿಡು. ಫೋನಿನಲ್ಲಿ ಚಾರ್ಜು ಇತ್ತು. ಆಸ್ಪತ್ರೆಗೆ ಫೋನು ಮಾಡಬಹುದಿತ್ತು. ನಿಮಿಯಾ ಪೆನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಬಚ್ಚಲಿನ ಅಂಚಿನ ಮೇಲೆ ಕೂತಳು. ಜ್ವರ ನೋಡಿಕೊಳ್ಳುವವಳ ಹಾಗೆ. ಮತ್ತೆ ಬೆಳಕಿಗೆ ಹಿಡಿದಾಗ ತಿಳಿಯಾಗಿತ್ತು, ಒಂದು ಕಲೆಯೂ ಇರಲಿಲ್ಲ. ದಿನವಿಡೀ ಗಾಜು ಬೆಳಕಿಗೆ ಹಿಡಿಯುವ ಅವಳ ಕಣ್ಣಿಗೇ ವ್ಯತ್ಯಾಸ ಕಾಣಲಿಲ್ಲ. "ಆಯ್ತಾ ಮಗಳೇ?" ಎಂದು ಹೊರಗಿನಿಂದ ನ್ಯಾ ಫೌಸ್ತಾ ಕೇಳಿದಳು. ನಿಮಿಯಾ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಸೂಜಿ ಇಳಿಸಿ, ಗುಂಡಿ ಒತ್ತಿ, ಆಯ್ತು ಎಂದಳು. ಮಾರನೆಯ ಸಂಜೆಯೂ ಹಾಗೇ. ಕರೆಂಟು ಬಂದ ಮೇಲೆ ಡಬ್ಬಿ ಫ್ರಿಜ್ಜಿಗೆ ಮರಳಿತು. ಆಗಲೂ ಚುಚ್ಚಿಕೊಂಡಳು, ಹೇಳಿದಷ್ಟೇ ಅಳತೆ, ಹೇಳಿದ ಹೊತ್ತಿಗೇ. ಇಷ್ಟು ಶ್ರದ್ಧೆಯಿಂದ ಹಿಂದಿನ ಎರಡು ಸಲವೂ ಮಾಡಿಕೊಂಡಿರಲಿಲ್ಲ.

ಮೈ ಏನೂ ಹೇಳಲಿಲ್ಲ. ಎದೆ ನೋಯಲಿಲ್ಲ, ಕಣ್ಣು ತುಂಬಲಿಲ್ಲ. ಊಟ ರುಚಿಸಿತು, ನಿದ್ದೆ ಬಂತು. ಒಂದು ಮಧ್ಯಾಹ್ನ ಪಕ್ಕದ ಮನೆಯವಳು ತನ್ನ ಗಂಡ ಚಡ್ಡಿಯಲ್ಲಿ ಮಾವಿನ ಮರ ಹತ್ತಿ ಇಳಿಯಲಾರದೆ ಕೂತದ್ದನ್ನು ಹೇಳಿದಾಗ ನಿಮಿಯಾ ಜೋರಾಗಿ ನಕ್ಕಳು. ನಕ್ಕ ಮೇಲೆ, ಚಿಕಿತ್ಸೆಯಲ್ಲಿರುವ ಹೆಂಗಸು ಹೀಗೆ ನಗಬಾರದೇನೋ ಎಂದು ಬಾಯಿ ಮುಚ್ಚಿಕೊಂಡಳು. ಕೆಟ್ಟ ಔಷಧಿಯನ್ನೇ ಯಾಕೆ ಚುಚ್ಚಿಕೊಳ್ಳುತ್ತಿದ್ದೇನೆಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಮಗು ಬೇಡವೇ? ಬೇಕು. ಬಸ್ಸಿನಲ್ಲಿ ಯಾರಾದರೂ ಮಗುವನ್ನು ಹಿಡ್ಕೊಳ್ಳಿ ಎಂದು ಕೊಟ್ಟರೆ ಇಳಿಯುವ ಜಾಗ ತಪ್ಪಿಸಿಕೊಂಡಿದ್ದುಂಟು. ಬೇಡದ್ದು ಯಾವುದು ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಒಂದು ಗಾಜು ಹಾಕಿದರೆ ಒಂದು ಕಾಣುತ್ತಿತ್ತು, ಇನ್ನೊಂದು ಹಾಕಿದರೆ ಅದು ಮಸುಕಾಗುತ್ತಿತ್ತು.

"ಬಾ ಅಮ್ಮಾ, ನಿನ್ನ ಸರದಿ. ಇನ್ನೂ ಯಾಕೆ ಕೈ ಹಾಗೆ ಹಿಡ್ಕೊಂಡಿದೀಯಾ? ಬಿಡು ಬಿಡು," ನರ್ಸು ಮಿರ್ನಾ ನಗುತ್ತ ಅವಳ ತೋಳನ್ನು ತಾನೇ ಬಿಡಿಸಿದಳು. ಮೊಣಕೈ ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಪರದೆಯ ಹಿಂದೆ ಮಲಗಿ, ಕಾಲುಗಳನ್ನು ಆಧಾರದ ಮೇಲಿಟ್ಟು, ನಿಮಿಯಾ ಚಾವಣಿಯ ಚೌಕಗಳನ್ನು ನೋಡಿದಳು. ಒಂದು ಚೌಕದ ಮೂಲೆಯಲ್ಲಿ ನೀರು ಸೋರಿ ಹಳದಿ ಕಲೆಯಾಗಿತ್ತು. ಎರಡನೇ ಸಲ ಬಂದಾಗ ಅದು ಅಂಗೈಯಷ್ಟಿತ್ತು. ಈಗ ಪಕ್ಕದ ಚೌಕಕ್ಕೂ ಹರಡಿದೆ. "ಇನ್ನೂ ಕೆಳಗೆ ಸರೀರಿ. ಇನ್ನೂ. ಸಡಿಲ ಬಿಡಿ," ಎಂದು ಡಾಕ್ಟರ್ ಕಂತೇರೋ ಒಳಗೆ ತೂರಿಸಿದ ಸ್ಕ್ಯಾನಿಂಗಿನ ಸಲಕರಣೆಯನ್ನು ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು. ಪರದೆಯ ಆಚೆ ನ್ಯಾ ಫೌಸ್ತಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡದ್ದು ಇಲ್ಲಿಗೆ ಕೇಳಿಸಿತು. ಹೋದ ಸಲ ಡಾಕ್ಟರು ಇಲ್ಲೇ ಜೋರಾಗಿ ಎಣಿಸಿದ್ದರು. ಅಂಡ ಬೆಳೆಯುವ ಒಂದೊಂದು ಕೋಶ ಕಂಡಾಗಲೂ ನರ್ಸು ಬರೆದುಕೊಳ್ಳುತ್ತಿದ್ದಳು. ಈ ಸಲ ಎಣಿಕೆ ಶುರುವಾಗಲೇ ಇಲ್ಲ. ನರ್ಸಿನ ಕೈಯಲ್ಲಿ ಪೆನ್ನು ಸುಮ್ಮನಿತ್ತು. ಸಲಕರಣೆ ಹೊರಗೆ ಬಂದಾಗ ಡಾಕ್ಟರು ಅವಳ ಮಂಡಿಯ ಮೇಲೆ ಹಗುರವಾಗಿ ತಟ್ಟಿದರು. ಪರೀಕ್ಷೆಯಲ್ಲಿ ಫೇಲಾದ ಹುಡುಗಿಯನ್ನು ತಟ್ಟುವ ಹಾಗೆ.

ಮೇಜಿನ ಮುಂದೆ ಅತ್ತೆ ಸೊಸೆ ಇಬ್ಬರೂ ಕೂತರು. ಡಾಕ್ಟರು ಕಂಪ್ಯೂಟರಿನಲ್ಲಿ ರಕ್ತದ ಫಲಿತಾಂಶ ನೋಡಿ, ಪರದೆಯನ್ನು ಅವರ ಕಡೆ ತಿರುಗಿಸಿ, ಮತ್ತೆ ತಮ್ಮ ಕಡೆಗೇ ತಿರುಗಿಸಿಕೊಂಡರು.

"ಏರಿಲ್ಲ ನಿಮಿಯಾ. ಎಸ್ಟ್ರಡಯಾಲ್ ಶುರುವಿನಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಕೋಶಗಳೂ ಬೆಳೆದಿಲ್ಲ. ಇಷ್ಟು ದೊಡ್ಡ ಪ್ರಮಾಣಕ್ಕೂ ನಿಮ್ಮ ಅಂಡಾಶಯ ಎದ್ದಿಲ್ಲ ಅಂದ್ರೆ... ಸೋಮಾರಿ ಅಂಡಾಶಯ ಅಂತೀವಿ ನಾವು. ಬೈಗುಳ ಅಲ್ಲ. ಯಾರ ತಪ್ಪೂ ಅಲ್ಲ."

"ಹೂಂ," ಎಂದಳು ನಿಮಿಯಾ.

"ಇಲ್ಲಿಗೆ ನಿಲ್ಲಿಸೋಣ. ನಾನು ಮೊದಲೇ ಹೇಳಿದ್ದೆ. ಬೇರೆ ದಾರಿಗಳ ಬಗ್ಗೆ, ಬೇರೆಯವರ ಅಂಡ, ಅದೆಲ್ಲ, ಇವತ್ತು ಮಾತಾಡೋದು ಬೇಡ. ಮನೆಗೆ ಹೋಗಿ. ಸ್ವಲ್ಪ ಬದುಕಿ."

ಸ್ವಲ್ಪ ಬದುಕಿ. ಇಡೀ ದಿನ ನಿಂತು ಕೆಲಸ ಮಾಡಿದವಳಿಗೆ ಯಾರೋ ಸ್ಟೂಲು ಎಳೆದು ಕೊಟ್ಟಂತಾಯಿತು. ಖುಷಿಯಲ್ಲ ಅದು, ಖುಷಿಗೆ ಬೇಕಾದ್ದೇನೂ ಅವಳೊಳಗೆ ಇರಲಿಲ್ಲ. ಕಾಲಿನ ಭಾರ ಇಳಿದಿತ್ತು, ಅಷ್ಟೇ. ಎದ್ದು ಹೋಗಬಹುದು. ತನ್ನ ಅಂಡಾಶಯ ಸೋಮಾರಿ ಎಂದು ಬರೆದುಕೊಳ್ಳಲಿ, ಬೀದಿಯ ಹೆಂಗಸರು ಪಾಪ ಎನ್ನಲಿ. ಆ ಪಾಪ ಎಂಬ ಮಾತಿನ ಕೆಳಗೆ ಚಾಪೆ ಹಾಸಿಕೊಂಡು ಮಲಗಿಬಿಡಬಹುದು. ಅವಳು ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡಳು.

"ಆಗೋಕೇ ಸಾಧ್ಯ ಇಲ್ಲ ಡಾಕ್ಟರಮ್ಮ," ನ್ಯಾ ಫೌಸ್ತಾ ಕೂತಲ್ಲೇ ಕದಲಲಿಲ್ಲ. "ಸೋಮಾರಿ ಗೀಮಾರಿ ಅಂತೆಲ್ಲ ನಮ್ಮ ಹುಡುಗಿಗೆ ಅನ್ಬೇಡಿ. ಒಂದು ದಿನ ತಪ್ಪಿಸಿಲ್ಲ ಅವಳು. ಔಷಧಿಗೂ ಒಂದು ಗಳಿಗೆ ಬಿಸಿ ತಾಗೋಕೆ ಬಿಟ್ಟಿಲ್ಲ ನಾನು. ಕರೆಂಟು ಹೋಗಿತ್ತಲ್ಲ, ಆಗ್ಲೂ ಬಿಟ್ಟಿಲ್ಲ."

"ಕರೆಂಟು ಹೋಗಿತ್ತಾ?" ಡಾಕ್ಟರು ತಲೆಯೆತ್ತಿದರು. "ಎಲ್ಲಿಟ್ಟಿದ್ರಿ ಔಷಧಿ?"

ನಿಮಿಯಾ ಬೇಗ ಹೇಳಿದಳು, "ತಣ್ಣಗೇ ಇತ್ತು."

"ತಣ್ಣಗೇ ಅಂದ್ರೆ ಹೆಂಗೆ!" ಮುದುಕಿಗೆ ತನ್ನ ಕೆಲಸವನ್ನು ಯಾರೂ ಪೂರ್ತಿ ಹೇಳುತ್ತಿಲ್ಲವೆಂದು ಸಿಟ್ಟು ಬಂದಿತ್ತು. "ಕಲ್ಲಾಗಿತ್ತು, ಕಲ್ಲು. ಬಿಯರ್ ಪೆಟ್ಟಿಗೆ ತುಂಬ ಐಸು ಹಾಕಿ ನಡುವೆ ಇಟ್ಟಿದ್ದೆ, ಮೇಲೆ ಇಷ್ಟು ಕಲ್ಲುಪ್ಪು. ನನ್ನ ಕೈಯೇ ಸೆಟೆದುಹೋಗಿತ್ತು. ನಿಮ್ಮ ಆಸ್ಪತ್ರೆ ಫ್ರಿಜ್ಜಲ್ಲೂ ಅಷ್ಟು ತಣ್ಣಗಿರಲ್ಲ ತಗೊಳ್ಳಿ."

ಡಾಕ್ಟರ್ ಕಂತೇರೋ ಪೆನ್ನು ಕೆಳಗಿಟ್ಟರು. ಆಕೆಯೂ ಇದೇ ಊರಿನವರು. ಆಕೆಯ ಮನೆಯಲ್ಲೂ ಹೊಸ ವರ್ಷಕ್ಕೆ ಅಣ್ಣತಮ್ಮಂದಿರು ಐಸಿನ ಮೇಲೆ ಉಪ್ಪು ಎರಚುತ್ತಾರೆಂದು, ಬಾಟಲಿ ಮರೆತರೆ ಒಡೆದು ಹೋಗುತ್ತದೆಂದು ಆಕೆಯ ಮುಖದಲ್ಲೇ ಕಾಣುತ್ತಿತ್ತು. ಬಾಯಿ ತೆರೆದು, ಮುಚ್ಚಿ, ಆಮೇಲೆ ಎರಡೂ ಅಂಗೈಗಳಲ್ಲಿ ಮುಖ ಒರೆಸಿಕೊಂಡರು.

"ಹೆಪ್ಪುಗಟ್ಟಿರುತ್ತೆ ಸೆನ್ಯೋರಾ. ಹೆಪ್ಪುಗಟ್ಟಿದ್ರೆ ಅದು ಕೆಲಸ ಮಾಡಲ್ಲ. ಸತ್ತುಹೋಗುತ್ತೆ." ನಿಮಿಯಾಳ ಕಡೆ ತಿರುಗಿದಾಗ ಆಕೆಯ ದನಿಯೇ ಬದಲಾಗಿತ್ತು, ಅದರಲ್ಲಿ ಹುರುಪಿತ್ತು. "ಅಂದ್ರೆ ನಿಮ್ಮ ಅಂಡಾಶಯಕ್ಕೆ ಔಷಧಿ ಸಿಕ್ಕೇ ಇಲ್ಲ! ನಾನು ಹೇಳಿದ್ದೆಲ್ಲ ವಾಪಸ್ಸು. ಇದು ಲೆಕ್ಕಕ್ಕೇ ಇಲ್ಲ ನಿಮಿಯಾ. ಹೋದ ಸಲ ಮೂರು ಬಂದಿತ್ತಲ್ಲ, ಮತ್ತೆ ಬರಬಹುದು. ಮುಂದಿನ ಮುಟ್ಟು ಆದ ಕೂಡ್ಲೇ ಬನ್ನಿ, ಹೊಸ ಔಷಧಿ ಇಲ್ಲೇ ಇಟ್ಕೊಳ್ಳೋಣ, ದಿನಾ ಬಂದು ಚುಚ್ಚಿಸ್ಕೊಂಡು ಹೋಗಿ."

ಪಕ್ಕದಲ್ಲಿ ಏನೋ ಬಿದ್ದ ಸದ್ದಾಯಿತು. ಕೊಂಬಿನ ಲೋಟ ಉರುಳಿ ಒದ್ದೆ ಸೊಪ್ಪು ನೆಲದ ಮೇಲೆ ಚೆಲ್ಲಿತ್ತು. ನ್ಯಾ ಫೌಸ್ತಾ ಅದನ್ನು ನೋಡಲಿಲ್ಲ. ತನ್ನ ಕೈಯನ್ನೇ ನೋಡುತ್ತಿದ್ದಳು. "ನಾನೇ ಕೊಂದೆ," ಎಂದಳು ಮೆಲ್ಲಗೆ. ಆಮೇಲೆ ಜೋರಾಗಿ, "ನನ್ನ ಮೊಮ್ಮಗನ್ನ ನಾನೇ ಕೊಂದೆ. ಈ ಕೈಯಿಂದ. ಮುದಿ ಕತ್ತೆ ನಾನು, ಮುದಿ ಕತ್ತೆ," ಎಂದು ಆ ಕೈಯನ್ನು ಇನ್ನೊಂದು ಕೈಯಿಂದ ಹೊಡೆದುಕೊಳ್ಳತೊಡಗಿದಳು. ಡಾಕ್ಟರು ಎದ್ದು ಬಂದು, ಹಾಗನ್ನಬೇಡಿ, ಇನ್ನೂ ಏನೂ ಹೋಗಿಲ್ಲ, ಇದು ಒಳ್ಳೇ ಸುದ್ದಿ, ಒಳ್ಳೇ ಸುದ್ದಿ ಅಲ್ವಾ ನಿಮಿಯಾ, ಎಂದು ಕೇಳಿದರು.

ಇಬ್ಬರೂ ಅವಳ ಮುಖ ನೋಡುತ್ತಿದ್ದರು. ಈಗ ಹೂಂ ಎಂದರೆ ಸಾಕು. ಮುದುಕಿ ತನ್ನ ಕೈಯನ್ನು ಹೊಡೆದುಕೊಳ್ಳುತ್ತಲೇ ಇರುತ್ತಾಳೆ, ಸಾಯುವವರೆಗೆ. ಮುಂದಿನ ತಿಂಗಳು ಮತ್ತೆ ಸೂಜಿ, ಮತ್ತೆ ಕಲ್ಲಿನಂಥ ಎದೆ, ಮತ್ತೆ ಯಾವನೋ ಮುದುಕ ಮೂಗಿನ ಮೇಲೆ ಚೌಕಟ್ಟು ಹೊತ್ತು ಕಾಯುತ್ತ ಕೂರುತ್ತಾನೆ. ನಿಮಿಯಾ ನೆಲದ ಮೇಲಿನ ಒದ್ದೆ ಸೊಪ್ಪನ್ನು ನೋಡಿದಳು. ಯಾರಾದರೂ ಒರೆಸಬೇಕು.

"ನಾನು ನೋಡಿದ್ದೆ," ಎಂದಳು.

"ಏನನ್ನ?"

"ಹೆಪ್ಪುಗಟ್ಟಿದ್ದನ್ನ. ಕರೆಂಟು ಹೋದ ಮೊದಲ ಸಂಜೆನೇ. ಕರಗಿಸಿ ಚುಚ್ಕೊಂಡೆ."

ಡಾಕ್ಟರು ನಿಧಾನವಾಗಿ, ಮಗುವಿಗೆ ಉತ್ತರ ಹೇಳಿಕೊಡುವ ಹಾಗೆ ಹೇಳಿದರು, "ಹಾಗೆ ಮಾಡಬಾರದು ಅಂತ ನಿಮಗೆ ಗೊತ್ತಿರಲಿಲ್ಲ. ಎಷ್ಟೋ ಜನಕ್ಕೆ ಗೊತ್ತಿರಲ್ಲ."

ಆ ಉತ್ತರ ಮೇಜಿನ ಮೇಲೆ ಅವಳಿಗಾಗಿ ಇಟ್ಟಂತಿತ್ತು. ಕೈ ಚಾಚಿದರೆ ಸಿಗುತ್ತಿತ್ತು. "ಗೊತ್ತಿತ್ತು," ಎಂದಳು ನಿಮಿಯಾ. "ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು." ಅವಳ ದನಿಯಲ್ಲಿ ಏನೂ ಇರಲಿಲ್ಲ, ಅಂಗಡಿಯಲ್ಲಿ ನಂಬರು ಓದಿ ಹೇಳುವಾಗಿನ ದನಿ. ನ್ಯಾ ಫೌಸ್ತಾ ಹೊಡೆದುಕೊಳ್ಳುವುದನ್ನು ನಿಲ್ಲಿಸಿದ್ದಳು. ಎತ್ತಿದ ಕೈ ಎತ್ತಿದಲ್ಲೇ ಇತ್ತು. ಬಾಗಿಲು ತೆರೆದು ಮಿರ್ನಾ, ಮುಂದಿನವರನ್ನ ಕರೀಲಾ ಡಾಕ್ಟ್ರೇ, ಎಂದು ಕೇಳಿ, ಮೂವರನ್ನೂ ನೋಡಿ, ಬಾಗಿಲು ಮುಚ್ಚಿಕೊಂಡಳು.

ಬಸ್ಸಿಗೆ ಕಾಯುವ ಮೂಲೆಯಲ್ಲಿ ನೆರಳಿದ್ದದ್ದು ಒಂದು ಲಪಾಚೋ ಮರದ್ದು, ಅದೂ ಇಬ್ಬರಿಗೆ ಸಾಲದಷ್ಟು. ಯಾವಾಗಲೂ ಸೊಸೆಯನ್ನು ನೆರಳಿಗೆ ತಳ್ಳಿ ತಾನು ಬಿಸಿಲಲ್ಲಿ ನಿಲ್ಲುತ್ತಿದ್ದವಳು ಈಗ ತಾನೇ ನೆರಳಿನ ನಡುವೆ ಬೇರಿನ ಮೇಲೆ ಕೂತಳು. ನಿಮಿಯಾ ಬಿಸಿಲಲ್ಲಿ ನಿಂತಳು. ನೆತ್ತಿ ಸುಡುತ್ತಿದೆಯೆಂದು ಗೊತ್ತಾಗುತ್ತಿತ್ತು, ದೂರದಲ್ಲಿ ಎಲ್ಲೋ ಹೊಗೆ ಕಂಡರೆ ಗೊತ್ತಾಗುವ ಹಾಗೆ. ಬೈಯಲಿ ಎಂದು ಕಾಯುತ್ತಿದ್ದಳು. ಮುದುಕಿ ಥರ್ಮಾಸಿನ ಮುಚ್ಚಳ ತಿರುಗಿಸಿದಳು, ಬಿಗಿಮಾಡಿದಳು, ಮತ್ತೆ ತಿರುಗಿಸಿದಳು.

"ನಾನು ಉಪ್ಪು ಹಾಕ್ತಿದ್ದಾಗ ನೀನು ಬಾಗಿಲಲ್ಲೇ ನಿಂತಿದ್ದೆ," ಎಂದಳು ಕೊನೆಗೆ.

"ನಿಂತಿದ್ದೆ."

"ಬಾಯಿ ಬಿಟ್ಟು ಒಂದು ಮಾತು ಅನ್ನಬಹುದಿತ್ತು. ಏಯ್ ಮುದುಕಿ, ಏನು ಮಾಡ್ತಿದೀಯಾ ಅಂತ."

"ಅನ್ನಬಹುದಿತ್ತು."

"ಹಂಗೇ ಒಪ್ಕೋಬೇಡ ಎಲ್ಲಾನೂ! ಮೈ ಉರಿಯುತ್ತೆ ನಂಗೆ."

ಚಿಪಾ ರೊಟ್ಟಿ ಮಾರುವವಳು ಬುಟ್ಟಿ ಹೊತ್ತು ಬಂದು ಇಬ್ಬರ ಮುಖ ನೋಡಿ ಕೂಗದೆಯೇ ದಾಟಿ ಹೋದಳು. ನಿಮಿಯಾಳ ಫೋನು ಸದ್ದು ಮಾಡಿತು. ಸೆಲ್ಸೋನ ಧ್ವನಿ, ಎಂಜಿನ್ನಿನ ಹಿಂದಿನಿಂದ: ಏನಾಯ್ತು ರಾಣಿ? ಅಮ್ಮ ಜೊತೆಗಿದಾರಾ? ಸಿಗ್ನಲ್ಲು ಹೋಗೋ ಮುಂಚೆ ಹೇಳು.

"ಐಸು ಅಮ್ಮ ಇಟ್ಟಿದ್ದು ಅಂತ ಹೇಳು," ನ್ಯಾ ಫೌಸ್ತಾ ನೆಲ ನೋಡುತ್ತ ಹೇಳಿದಳು. "ಅಷ್ಟೇ ಹೇಳು. ನನ್ನ ಮಗ ನನ್ನ ಬೈದ್ರೆ ಬೈತಾನೆ, ಆಮೇಲೆ ಸುಮ್ಮನಾಗ್ತಾನೆ. ನಿಜ ಗೊತ್ತಾದ್ರೆ ನಿನ್ನ ಕೈ ಬಿಡಲ್ಲ ಅನ್ನೋಕೆ ನಂಗೆ ಧೈರ್ಯ ಇಲ್ಲ."

"ಅಷ್ಟೇ ಹೇಳಿದ್ರೆ ಅವನು ಮತ್ತೆ ಶುರು ಮಾಡೋಣ ಅಂತಾನೆ."

"ಅಂತಾನೆ."

"ನನ್ನಿಂದ ಆಗಲ್ಲ ನ್ಯಾ ಫೌಸ್ತಾ."

ಮುದುಕಿ ತಲೆಯೆತ್ತಿದಳು. ಸೊಸೆಯ ಮುಖದ ಮೇಲೆ ಬಿಸಿಲಿತ್ತು. ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದಳು, ಗುರುತು ಹಿಡಿಯಲು ಕಷ್ಟಪಡುವವಳ ಹಾಗೆ. ಕ್ಷಮಿಸಿದಂತೆ ಇರಲಿಲ್ಲ. ನಿಮಿಯಾ ಫೋನನ್ನು ಬಾಯಿಯ ಹತ್ತಿರ ತಂದು ಗುಂಡಿಯ ಮೇಲೆ ಹೆಬ್ಬೆರಳು ಒತ್ತಿದಳು. ಒತ್ತಿ ಹಿಡಿದಷ್ಟು ಹೊತ್ತೂ ಅದು ಕೇಳುತ್ತಿರುತ್ತದೆ, ಬಿಟ್ಟರೆ ಹೋಗಿಬಿಡುತ್ತದೆ.

"ಸೆಲ್ಸೋ, ಏರಲಿಲ್ಲ. ಔಷಧಿ ಹೆಪ್ಪುಗಟ್ಟಿತ್ತು. ಗೊತ್ತಿದ್ದೂ ಚುಚ್ಕೊಂಡೆ." ಮುಂದಿನ ಮಾತು ಬರಲಿಲ್ಲ. ಹೆಬ್ಬೆರಳು ಒತ್ತಿದಲ್ಲೇ ಇತ್ತು, ಉಗುರು ಬೆಳ್ಳಗಾಗಿತ್ತು. ಫೋನು ಅವಳ ಉಸಿರನ್ನು, ಬೀದಿಯ ಸದ್ದನ್ನು ತುಂಬಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅವರ ಬಸ್ಸು ತಿರುವಿನಲ್ಲಿ ಕಂಡಿತು; ಚಾಲಕ ಇವರನ್ನು ನೋಡಿ ವೇಗ ತಗ್ಗಿಸಿ ಪಕ್ಕಕ್ಕೆ ಬಂದು, ಬಾಗಿಲು ತೆರೆದ. ಇದು ಹೋದರೆ ಮುಂದಿನದು ಯಾವಾಗಲೋ.

ನ್ಯಾ ಫೌಸ್ತಾ ಮರಕ್ಕೆ ಕೈಯೂರಿ ಎದ್ದು, ಬಿಸಿಲಿಗೆ ಬಂದು, ಬಸ್ಸಿಗೂ ಸೊಸೆಗೂ ನಡುವೆ ನಿಂತಳು.

"ಹೋಗಪ್ಪಾ, ನೀನು ಹೋಗು," ಎಂದು ಚಾಲಕನಿಗೆ ಕೈ ಬೀಸಿದಳು. "ಅವಳು ಮಾತಾಡ್ತಿದಾಳೆ."